ಡ್ರೈ ವರ್ಮೂತ್: ಮಾರ್ಟಿನಿಗೂ ಮೀನಿಗೂ ಒಂದೇ ಬಾಟಲಿ ಸಾಕಾ?

ಪ್ರಶ್ನೆ, ಮ್ಯಾಂಚೆಸ್ಟರ್‌ನಿಂದ:
ವಾರಕ್ಕೊಂದು ಮಾರ್ಟಿನಿ (ಜಿನ್, ವರ್ಮೂತ್ ಬೆರೆಸಿದ ಕಾಕ್‌ಟೇಲ್), ಆಗಾಗ ಮೀನಿನ ಅಡುಗೆ. ಎರಡಕ್ಕೂ ಒಂದೇ ಡ್ರೈ ವರ್ಮೂತ್ (ಗಿಡಮೂಲಿಕೆ ಹಾಕಿದ, ಸಿಹಿ ಕಡಿಮೆಯ ವೈನ್) ಸಾಕಾ? ನೀವು ಯಾವುದು ತಗೊಂಡಿರಿ, ಹೇಗಾಯ್ತು, ಸ್ವಲ್ಪ ಹೇಳಿ.

ಕುಂದಾಪುರದ ಹುಡುಗಿ, ಲಿಯಾನ್:
ನ್ವಾಯಿ ಪ್ರಾ ಅನ್ನೋ ಫ್ರೆಂಚ್ ವರ್ಮೂತ್. ಬೇರೆ ಮಾತೇ ಇಲ್ಲ. ದಕ್ಷಿಣ ಫ್ರಾನ್ಸಿನ ಮಾರ್ಸೆಯಾನ್‌ನಲ್ಲಿ ಅದರ ವೈನನ್ನು ಓಕ್ ಪೀಪಾಯಿಗಳಲ್ಲಿ ತುಂಬಿ, ಒಂದು ವರ್ಷ ಬಯಲಲ್ಲಿ ಬಿಸಿಲು, ಮಳೆ, ಕಡಲ ಗಾಳಿಗೆ ಬಿಡುತ್ತಾರೆ. ಆ ರುಚಿ ಅಡುಗೆಯಲ್ಲೂ ನಿಲ್ಲುತ್ತದೆ. ನಾನು ನೀಲಿಕಲ್ಲಿಗೆ (ಕಡಲ ಚಿಪ್ಪುಮೀನು, ಮಸಲ್ಸ್) ಬೆಣ್ಣೆ, ಸಣ್ಣ ಈರುಳ್ಳಿ, ಅರ್ಧ ಲೋಟ ನ್ವಾಯಿ ಹಾಕಿ ಮುಚ್ಚುತ್ತೇನೆ. ಚಿಪ್ಪು ಬಾಯಿ ಬಿಟ್ಟ ಮೇಲೆ ರಸ ಸೋಸಿ, ಬತ್ತಿಸಿ, ಕೊನೆಗೆ ಕ್ರೀಮ್. ಉಪ್ಪು ಹಾಕಲೇಬೇಡಿ. ಮೊದಲು ಬಿಳಿ ವೈನ್ ತರುತ್ತಿದ್ದೆ. ಅರ್ಧ ಲೋಟಕ್ಕೋಸ್ಕರ 9 ಯೂರೋ ಬಾಟಲಿ ತೆರೆಯಬೇಕು, ಮೂರನೇ ದಿನ ಉಳಿದದ್ದೆಲ್ಲ ಸಿಂಕಿಗೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜಿನ್ ರಾಯ, ಬೆಂಗಳೂರು:
ಮೀನಿಗೆ ಸರಿ. ಮಾರ್ಟಿನಿಗೆ ನ್ವಾಯಿ ಭಾರ, ಬಣ್ಣವೂ ಹಳದಿ. ಫ್ರಾನ್ಸಿನದೇ ಶಾಂಬೆರಿ ಊರಿನ ಡೋಲಿನ್ ವರ್ಮೂತ್ ತಿಳಿಯಾಗಿರುತ್ತದೆ. ನಮ್ಮ ಭಾವ ಪ್ಯಾರಿಸ್‌ನಿಂದ ಎರಡು ಬಾಟಲಿ ತಂದರು. ಬ್ಯಾಗಿನ ತೂಕ ಜಾಸ್ತಿ ಅಂತ ಏರ್‌ಪೋರ್ಟಿನಲ್ಲಿ 60 ಯೂರೋ ಕಟ್ಟಿಸಿಕೊಂಡರು. ಬಾಟಲಿಗಿಂತ ಅದೇ ಜಾಸ್ತಿ! ಅಷ್ಟು ಮಾಡಿ ತಂದದ್ದನ್ನು, ತೆರೆದ ಮೇಲೆ ಮನೆಯವರು ಷೋಕೇಸಿನಲ್ಲಿ ವಿಸ್ಕಿ ಪಕ್ಕ ಇಟ್ಟರು. ಏಪ್ರಿಲ್ ಬಿಸಿಲು. ನಾನು ಊರಿಂದ ಬರುವಷ್ಟರಲ್ಲಿ ಬಣ್ಣ ತಿರುಗಿ ಹುಳಿ ಹುಳಿ.

ಕುಂದಾಪುರದ ಹುಡುಗಿ:
ಅದು ವೈನ್ ಸ್ವಾಮಿ, ಆಲ್ಕೋಹಾಲ್ ಬರೀ 18 ಪರ್ಸೆಂಟ್ ಆಸುಪಾಸು. ವಿಸ್ಕಿ ಥರ ಹೊರಗಿಟ್ಟರೆ ತಡೆಯುತ್ತಾ? ಫ್ರಿಜ್ಜಿನಲ್ಲಿ ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ನೀವು ಕುಡಿದ ನ್ವಾಯಿಯೂ ಷೋಕೇಸಿನದ್ದೇ ಇರಬೇಕು.

ಜಿನ್ ರಾಯ:
ಇಟ್ಟದ್ದು ನಾನಲ್ಲ ಅಂತ ಬರೆದಿದ್ದೇನೆ, ಓದಿ ಮೇಡಂ. ಮೀನು ಬೇಯಿಸುವವರು ಮಾರ್ಟಿನಿಗೆ ತೀರ್ಪು ಕೊಡಬೇಡಿ.

ಹಳೇ ಬಾರ್‌ಟೆಂಡರ್, ದುಬೈ:
ಇಬ್ಬರೂ ಅಳತೆ ಬಗ್ಗೆ ಮಾತೇ ಆಡಲಿಲ್ಲ. ನಾನಿದ್ದ ಒಂದು ಹೋಟೆಲಿನಲ್ಲಿ ವರ್ಮೂತನ್ನು ಕೌಂಟರ್ ಮೇಲೆ ತಿಂಗಳುಗಟ್ಟಲೆ ಇಡಿಸುತ್ತಿದ್ದರು. ಫ್ರಿಜ್ಜಿಗೆ ಹಾಕೋಣ ಅಂದರೆ ಮ್ಯಾನೇಜರ್ ಒಪ್ಪಲಿಲ್ಲ. ಗಿರಾಕಿ ಗ್ಲಾಸ್ ವಾಪಸ್ ಕಳಿಸಿದಾಗ ದುಡ್ಡು ಹಿಡಿದದ್ದು ನನ್ನ ಸಂಬಳದಲ್ಲಿ. ಅದಕ್ಕೇ ಹೇಳುತ್ತೇನೆ, ಸಣ್ಣ 375 ಎಂಎಲ್ ಬಾಟಲಿ ತಗೊಳ್ಳಿ, ಜಿನ್ ಎರಡು ಪಾಲು, ವರ್ಮೂತ್ ಒಂದು ಪಾಲು, ಒಂದು ಹನಿ ಆರೆಂಜ್ ಬಿಟರ್ಸ್ (ಕಿತ್ತಳೆ ಸಿಪ್ಪೆಯ ಕಹಿ ಸಾರ). ಕೆಡುವ ಮೊದಲೇ ಖಾಲಿ.

ಜಿನ್ ರಾಯ:
ಎರಡಕ್ಕೆ ಒಂದಾ? ಅದು ಮಾರ್ಟಿನಿ ಅಲ್ಲ, ಕಷಾಯ. ಐದಕ್ಕೆ ಒಂದು ಹಾಕಿ.

ಹಳೇ ಬಾರ್‌ಟೆಂಡರ್:
1900ರ ಆಸುಪಾಸಿನಲ್ಲಿ ಅರ್ಧಕ್ಕರ್ಧ ಹಾಕುತ್ತಿದ್ದರು. ಅವರು ಕುಡಿದದ್ದು ಏನು ಹಾಗಾದರೆ?