2003 ಸ್ಪ್ಲೆಂಡರ್, ಬ್ಯಾಟ್ರಿ ನಿಲ್ಲವಲ್ದು. ಕಾಯಿಲ್ ಪ್ಲೇಟ್ ಹೋಗೇತಿ ಅಂತಾರ, ಖರೇನ?

ಜಮಖಂಡಿ_ಸ್ಪ್ಲೆಂಡರ್:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪಾಜಿದು 2003ರ ಹೀರೋ ಹೊಂಡಾ ಸ್ಪ್ಲೆಂಡರ್ ಐತಿ, ಬರೇ ಕಿಕ್ ಗಾಡಿ, ಇಂಜಿನ್ ಇನ್ನೂ ಗಟ್ಟಿ ಐತಿ, ಒಂದ್ ಕಿಕ್ಕಿಗೆ ಚಾಲೂ ಆಕ್ಕೇತಿ. ಆದ್ರ ಎಂಟ್ ತಿಂಗಳದಾಗ ಎರಡ್ ಬ್ಯಾಟ್ರಿ ಹೋದುವು. ಹೊಸಾದು ಹಾಕ್ಸಿದ್ರ ಹದಿನೈದ್ ದಿನಾ ಚಂದ ಇರ್ತೇತಿ, ಆಮ್ಯಾಲ ಇಂಡಿಕೇಟರ್ ಪಿಳಿಪಿಳಿ ಅನ್ನೂದು ಬಿಟ್ಟು ಹಂಗ ನಿಂತ್ಬಿಡ್ತೇತಿ, ಹಾರ್ನ್ ಅಂತೂ ಕೆಮ್ಮಿದಂಗ ಆಕ್ಕೇತಿ (ಹೊಸಾ ಬ್ಯಾಟ್ರಿ ಹಾಕಿದ ದಿನಾನೂ ಹಾರ್ನ್ ಸ್ವಲ್ಪ ಮಂದನ ಇತ್ತು ಬಿಡ್ರಿ). ಹೆಡ್‌ಲೈಟ್ ಮಾತ್ರ ಮೊದ್ಲಿನಂಗ ಐತಿ, ರೇಸ್ ಕೊಟ್ರ ಜೋರ್ ಬರ್ತೇತಿ. ಈಗ ಕಬ್ಬಿನ ಸೀಜನ್, ರಾತ್ರಿ ಮುಧೋಳ ರೋಡಿನ್ಯಾಗ ಹಿಂದ ಲೈಟ್ ಇಲ್ಲದ ಟ್ರ್ಯಾಕ್ಟರ್ ಸಾಲಾಗಿ ನಿಂತಿರ್ತಾವ, ಹಾರ್ನ್ ಇಲ್ಲದ ಹೋಗಾಕ ಜೀವಾ ಕೈಯಾಗ ಹಿಡಕೊಂಡ್ ಹೋಗ್ಬೇಕು.

ವಿಡಿಯೋ ನೋಡಿ ಮಲ್ಟಿಮೀಟರ್ ತಂದು ಚೆಕ್ ಮಾಡ್ದೆ. ಇಂಜಿನ್ ಜೋಡಿ ತಿರಗೂ ಮ್ಯಾಗ್ನೆಟ್ ಕಡಿಂದ ಬರೂ ವೈರಿಗೂ ಗಾಡಿ ಬಾಡಿಗೂ ಮೀಟರ್ ಹಿಡಿದ್ರ ಬೀಪ್ ಅಂತೇತಿ. ವಿಡಿಯೋದಾಂವ ಹಿಂಗ ಬಂದ್ರ ಕಾಯಿಲ್, ಅಂದ್ರ ಮ್ಯಾಗ್ನೆಟ್ ಒಳಗ ಕರೆಂಟ್ ಹುಟ್ಟಸೂ ತಂತಿ ಸುರುಳಿ, ಸುಟ್ಟೇತಿ ಅಂದ, ಇಲ್ಲಿ ಮಿಸ್ತ್ರಿನೂ ಕಾಯಿಲ್ ಪ್ಲೇಟ್ ಬದಲಿ ಮಾಡೂನು ಅಂತಾನ. ರೊಕ್ಕಾ ಹಾಕೂಕಿಂತ ಮುಂಚೆ ಒಂದ್ ಮಾತ್ ಕೇಳೂನು ಅಂತ ಇಲ್ಲಿ ಹಾಕೀನಿ.

ಗುಮ್ಮಟದ_ಹುಡುಗ (ವಿಜಯಪುರ):
ಬ್ಯಾಟ್ರಿಗೆ ಕರೆಂಟ್ ಹೊಂದಿಸಿ ಕೊಡೂ ರೆಗ್ಯುಲೇಟರ್ ಬದಲಿ ಮಾಡ್ರಿ ಬ್ರೋ, ಕಣ್ ಮುಚ್ಚಿ. ನಂದೂ ಹಿಂಗ ಆಗಿತ್ತು.

ವೈರಿಂಗ್_ಕಾಕಾ (ಬಾಗಲಕೋಟೆ):
ಕಣ್ ಮುಚ್ಚಿ ಸಾಮಾನ್ ಹಾಕೂದರಾಗ ನಮ್ಮಂಥಾವ್ರ ಹೊಟ್ಟಿ ತುಂಬ್ತೇತಿ ತಮ್ಮಾ, ಅದಕ್ಕ ನಾ ಏನೂ ಅನ್ನಂಗಿಲ್ಲ 😄

ಜಮಖಂಡಿ ತಮ್ಮಾ, ಮೊದಲ ಒಂದ್ ಮಾತ್, ಕಾಯಿಲ್ ಪ್ಲೇಟ್ ತೊಗೋಬ್ಯಾಡ. ಆ ವಿಡಿಯೋದಾಂವ ಹೇಳಿದ್ದು ಸುಳ್ಳಲ್ಲ, ಆದ್ರ ಅದು ಮೂರ್ ಹಳದಿ ವೈರ್ ಬರೂ ತ್ರೀ ಫೇಸ್ ಗಾಡಿಗೆ. ಅದರಾಗ ಯಾವ ವೈರೂ ಬಾಡಿಗೆ ಮುಟ್ಟಬಾರ್ದು, ಮುಟ್ಟಿದ್ರ ಕಾಯಿಲ್ ಶಾರ್ಟ್. ನಿನ್ನ ಸ್ಪ್ಲೆಂಡರ್ ಹಂಗಲ್ಲ, ಇದರ ಕಾಯಿಲಿನ ಒಂದ್ ತುದಿನ ಅರ್ಥಿಂಗಿಗೆ, ಅಂದ್ರ ಗಾಡಿ ಬಾಡಿಗೆ, ಕೂಡ್ಸಿರ್ತಾರ, ಅಂದ್ಮ್ಯಾಲ ಬೀಪ್ ಬರ್ಲೇಬೇಕು. ಬರ್ಲಿಲ್ಲಂದ್ರ ಆವಾಗ ಕಾಯಿಲ್ ಕಡಿದೇತಿ ಅಂತ ಅರ್ಥ. ಇದೊಂದ್ ಗೊತ್ತಿಲ್ಲದ ಎಷ್ಟ್ ಚಲೋ ಕಾಯಿಲ್ ಗುಜರಿಗೆ ಹೋಗ್ಯಾವೋ.

ಮತ್ತ ಈ ಗಾಡಿದಾಗ ಎರಡ್ ದಾರಿ ಅದಾವ. ಹಳದಿ ವೈರ್ ಲೈಟಿಂದು, ಅದು ಎಸಿ, ಹೆಡ್‌ಲೈಟ್ ಅದರ ಮ್ಯಾಲ ಉರೀತೇತಿ, ಬ್ಯಾಟ್ರಿಗೂ ಅದಕ್ಕೂ ಸಂಬಂಧನ ಇಲ್ಲ. ಬಿಳಿ ವೈರ್ ಚಾರ್ಜಿಂಗಿಂದು. ಅದು ರೆಗ್ಯುಲೇಟರ್ ಒಳಗ ಹೋಗಿ ಡಿಸಿ ಆಗಿ ಕೆಂಪ್ ವೈರಿಲೇ ಹೊರಗ್ ಬಂದು ಬ್ಯಾಟ್ರಿಗೆ ಹೋಗ್ತೇತಿ. ಹಸರು ಅರ್ಥಿಂಗ್. ಸ್ಪಾರ್ಕಿಗೆ ಬ್ಯಾರೇ ಕಾಯಿಲ್ ಐತಿ, ಅದಕ್ಕ ಬ್ಯಾಟ್ರಿ ಸತ್ರೂ ಗಾಡಿ ಒಂದ ಕಿಕ್ಕಿಗೆ ಚಾಲೂ ಆಕ್ಕೇತಿ, ಮಂದಿ ಅದನ್ನ ನೋಡಿ ಎಲ್ಲಾ ಬರೋಬ್ಬರಿ ಐತಿ ಅನ್ಕೋತಾರ. ಹೆಡ್‌ಲೈಟ್ ಜೋರ್ ಐತಿ ಅಂದ್ರ ಮ್ಯಾಗ್ನೆಟ್ ತಿರಗಾಕತ್ತೇತಿ, ಹಳದಿ ಕಡಿ ಚಲೋ ಐತಿ ಅಂತ ಅಷ್ಟ. ಬಿಳಿ ಕಡಿದು ಅದರ ಮ್ಯಾಲ ಗೊತ್ತಾಗಂಗಿಲ್ಲ.

ಈಗ ಇಷ್ಟ್ ಅಳದು ಹಾಕು: ಗಾಡಿ ಬಂದ್ ಇದ್ದಾಗ ಬ್ಯಾಟ್ರಿ ಮ್ಯಾಲ ಎಷ್ಟು, ಚಾಲೂ ಮಾಡಿ ರೇಸ್ ಕೊಟ್ಟಾಗ ಎಷ್ಟು. ರೆಗ್ಯುಲೇಟರ್ ಸಾಕೆಟ್ ಬಿಚ್ಚಿ ಬಿಳಿ ವೈರಿಗೂ ಬಾಡಿಗೂ ನಡುವ ಓಮ್ಸ್ (ತಂತಿ ಕರೆಂಟಿಗೆ ಕೊಡೂ ತಡೆ) ಎಷ್ಟು, ಮತ್ತ ಮೀಟರ್ ಎಸಿಗೆ ತಿರುವಿ ಅಲ್ಲೇ ವೋಲ್ಟ್ ಎಷ್ಟು. ಓಮ್ಸ್ ನೋಡೂ ಮುಂದ ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಿ ನೋಡು, ಅಗ್ಗದ ಮೀಟರ್ ಇದ್ರ ಅಲ್ಲೇ 0.3, 0.4 ತೋರಸ್ತೇತಿ, ಅಷ್ಟ್ ಕಳೀಬೇಕು. ಯಾಕಂದ್ರ ಕಾಯಿಲಿಂದ ಒಟ್ಟು ಒಂದ್ ಓಮ್ ಆಜುಬಾಜು ಇರ್ತೇತಿ, ಅದರಾಗ ಮೀಟರಿನ ಸುಳ್ಳ ಇಷ್ಟ್ ಕೂಡಿದ್ರ ಏನ್ ತಿಳೀತೇತಿ?

ಇನ್ನೊಂದು, ಚಾಲೂ ಗಾಡಿಗೆ ಬ್ಯಾಟ್ರಿ ವೈರ್ ಕಿತ್ತು "ಬಂದ್ ಆಗ್ಲಿಲ್ಲ, ಚಾರ್ಜಿಂಗ್ ಐತಿ" ಅನ್ನೂ ಪರೀಕ್ಷೆ ಮಾಡಬ್ಯಾಡ. ಈ ಗಾಡಿ ಹೆಂಗೂ ಬಂದ್ ಆಗಂಗಿಲ್ಲ, ಬಲ್ಬ್ ಹೋಗ್ತಾವ ಅಷ್ಟ.

ಜಮಖಂಡಿ_ಸ್ಪ್ಲೆಂಡರ್:
ಕಾಕಾ ಭಾಳ ಉಪಕಾರ ಆತ್ರಿ. ಇವತ್ತ ಮುಂಜಾನಿ ನೋಡೀನಿ. ಬಂದ್ ಇದ್ದಾಗ 12.1, ಐಡಲ್‌ದಾಗೂ 12.1, ಜೋರ್ ರೇಸ್ ಕೊಟ್ರ 12.2, ಅದಕ್ಕಿಂತ ಮ್ಯಾಲ ಏರಂಗಿಲ್ಲ. ಬಿಳಿ ವೈರ್ ಓಮ್ಸ್ 1.1 ಬಂತು, ಕಡ್ಡಿದು 0.4 ಕಳದ್ರ 0.7. ಎಸಿ ವೋಲ್ಟ್ ಐಡಲ್‌ದಾಗ 13 ಆಜುಬಾಜು, ರೇಸ್ ಕೊಟ್ರ 40 ದಾಟ್ತು, ನಾ ಹೆದರಿ ಬಿಟ್ಟೆ.

ಗುಮ್ಮಟದ_ಹುಡುಗ:
ನೋಡ್ರಿ ಕಾಯಿಲ್ ಚಲೋ ಐತಿ, ಅಂದ್ರ ರೆಗ್ಯುಲೇಟರ್ರ. ನಾ ಮೊದಲ ಹೇಳಿದ್ನೆಲ್ಲ.

ಗೋಕಾಕ_ಫಾಲ್ಸ್:
ನಡುವ ಬಂದೆ, ಸಿಟ್ಟಾಗಬ್ಯಾಡ್ರಿ. ಹಾರ್ನ್, ಎಲ್‌ಇಡಿ ಪಟ್ಟಿ ಏನರ ಮ್ಯಾಲಿಂದ ಹಚ್ಚೀರೇನು? ನಮ್ಮ ತಮ್ಮ ಇಂಥಾದ ಗಾಡಿಗೆ ಕಾರಿನ ಜೋಡಿ ಹಾರ್ನ್ ಹಾಕ್ಸಿದ್ದ. ಇದರ ಚಾರ್ಜಿಂಗ್ ಹಾಫ್ ವೇವ್, ಅರ್ಧಾ ಕರೆಂಟ್ ಅಷ್ಟ ಬ್ಯಾಟ್ರಿಗೆ ಬರ್ತೇತಿ, 2.5 ಆಂಪಿಯರ್-ಅವರಿನ ಚೊಟ್ ಬ್ಯಾಟ್ರಿ ಎಷ್ಟರ ತಡಕೋತೇತಿ ಪಾಪ. ಮತ್ತ ಕೀಲಿ ಬಂದ್ ಇದ್ದಾಗ ಕರೆಂಟ್ ಸೋರಾಕತ್ತೇತೇನ ನೋಡ್ರಿ, ಫ್ಯೂಜ್ ತಗದು ಆ ಜಾಗಾದಾಗ ಮೀಟರ್ ಮಿಲಿ ಆಂಪಿಯರಿಗೆ ಇಟ್ಟು ಹಿಡೀರಿ, ಸೊನ್ನಿ ಬರಬೇಕು. ಏನರ ಬಂದ್ರ ರೆಗ್ಯುಲೇಟರ್ ಸಾಕೆಟ್ ಬಿಚ್ರಿ, ಆವಾಗ ಸೊನ್ನಿ ಆದ್ರ ಅದರೊಳಗಿನ, ಕರೆಂಟ್ ಒಂದ ಕಡಿ ಬಿಡೂ ಡಯೋಡ್ ಉಲ್ಟಾ ಸೋರಾಕತ್ತೇತಿ. ಮೀಟರ್ ಹಂಗ ಇಟ್ಟು ಹಾರ್ನ್ ಮಾತ್ರ ಒತ್ತಬ್ಯಾಡ್ರಿ, ನಾ ಒತ್ತಿ ಮೀಟರಿನ ಫ್ಯೂಜ್ ಸುಟ್ಕೊಂಡೀನಿ.

ಜಮಖಂಡಿ_ಸ್ಪ್ಲೆಂಡರ್:
ಏನೂ ಹಚ್ಚಿಲ್ಲ ಅಣ್ಣಾ, ಎಲ್ಲಾ ಕಂಪನಿದ ಐತಿ. ಸೋರೂದೂ ನೋಡ್ದೆ, ಸೊನ್ನಿ.

ವೈರಿಂಗ್_ಕಾಕಾ:
ಸೋರಂಗಿಲ್ಲ, ಕಾಯಿಲ್ ಕೊಡಾಕತ್ತೇತಿ, ಬ್ಯಾಟ್ರಿಗೆ ಮುಟ್ಟವಲ್ದು. ರೆಗ್ಯುಲೇಟರ್ ಇರಬಹುದು, ಗುಮ್ಮಟದ ಹುಡುಗನ ಮಾತ್ ತಗದ್ ಒಗಿಯಂಗಿಲ್ಲ. ಆದ್ರ ನನಗ ನಿನ್ನ ಮೊದಲ್ನೇ ಪೋಸ್ಟಿನ್ಯಾಗ ಬ್ರಾಕೆಟ್ಟಿನ್ಯಾಗ ಬರದಿದ್ದ ಮಾತ್ ಕಡ್ಯಾಕತ್ತೇತಿ. ಹೊಸಾ ಬ್ಯಾಟ್ರಿ ಹಾಕಿದ ದಿನಾನೂ ಹಾರ್ನ್ ಮಂದ ಇತ್ತು ಅಂದೆಲ್ಲ? ಹೊಸಾ ಬ್ಯಾಟ್ರಿ ಮ್ಯಾಲ ಹಾರ್ನ್ ಮಂದ ಆಗಾಕ ಚಾರ್ಜಿಂಗ್ ಯಾಕ ಕಾರಣ ಆಗಬೇಕು? ಬ್ಯಾಟ್ರಿಂದ ಹೊರಗ್ ಹೋಗೂ ದಾರಿದಾಗನ ಏನೋ ಅಡ್ಡ ಕುಂತೇತಿ. ಮತ್ತ ಅದ ದಾರಿಲೇ ಚಾರ್ಜಿಂಗ್ ಒಳಗ್ ಬರೂದು.

ಸಾಕೆಟ್ ಹಾಕಿ ಗಾಡಿ ಚಾಲೂ ಮಾಡಿ ರೇಸ್ ಹಿಡಿ. ರೆಗ್ಯುಲೇಟರ್ ಹಿಂದ ಕೆಂಪ್ ವೈರಿನ್ಯಾಗ ಸಾಕೆಟ್ ಹಿಂಬದಿಂದ ಕಡ್ಡಿ ಚುಚ್ಚಿ ಡಿಸಿ ನೋಡು, ಆ ಕೂಡ್ಲೇ ಬ್ಯಾಟ್ರಿ ಪ್ಲಸ್ ಮ್ಯಾಲ ನೋಡು. ಎರಡೂ ಒಂದ ಇದ್ರ ರೆಗ್ಯುಲೇಟರ್ ಬದಲಿ ಮಾಡು, ಪಾರ್ಟ್ ಎಲ್ಲಾ ಕಡಿ ಸಿಗ್ತೇತಿ. ಕೆಂಪಿನ್ಯಾಗ 14 ಮ್ಯಾಲ ಇದ್ದು ಬ್ಯಾಟ್ರಿ ಮ್ಯಾಲ 12 ಇದ್ರ ನಡುವಿನ ವೈರ್, ಫ್ಯೂಜ್ ಹೋಲ್ಡರ್ ನೋಡು.

ಜಮಖಂಡಿ_ಸ್ಪ್ಲೆಂಡರ್:
ಕಾಕಾ!! ಕೆಂಪಿನ್ಯಾಗ 14.4, ಬ್ಯಾಟ್ರಿ ಮ್ಯಾಲ 12.2. ಫ್ಯೂಜ್ ಹೋಲ್ಡರ್ ಬಿಚ್ಚಿದ್ರ ಗಾಜಿನ ಫ್ಯೂಜ್ ಚಂದ ಐತಿ, ತಂತಿನೂ ಕಡದಿಲ್ಲ, ಅದಕ್ಕ ಯಾರೂ ಅದನ್ನ ಮುಟ್ಟಿರಲಿಲ್ಲ. ಹಿಡಿಯೂ ಕ್ಲಿಪ್ ಮಾತ್ರ ಹಸರು ಪಾಚಿ ಕಟ್ಟಿದಂಗ ಆಗೇತಿ, ಒಂದ್ ಕಡಿ ಪ್ಲಾಸ್ಟಿಕ್ ಕರಗಿ ಕಂದು ಆಗೇತಿ. ಹಳೇ ಬ್ಯಾಟ್ರಿ ಆ್ಯಸಿಡ್ ಸೋರಿ ಬಿದ್ದಿರಬೇಕು, ಮಗ್ಗಲನ ಐತಿ.

ಹೊಸಾ ಹೋಲ್ಡರ್ ಹಾಕ್ಸಿದೆ, ಒಂದ್ ಚಾ ನಾಷ್ಟಾದ ರೊಕ್ಕಾ ಅಷ್ಟ. ಬ್ಯಾಟ್ರಿ ರಾತ್ರಿಯೆಲ್ಲಾ ಚಾರ್ಜರಿಗೆ ಇಟ್ಟು ಮುಂಜಾನಿ ಹಾಕಿದ್ರ ರೇಸ್ ಕೊಟ್ಟಾಗ 14.1 ಬರಾಕತ್ತೇತಿ. ಹಾರ್ನ್ ಹೊಡದ್ರ ಮನ್ಯಾಗ ನಮ್ಮವ್ವ ಬೈದ್ಳು. ಈ ಬ್ಯಾಟ್ರಿ ಉಳೀತೇತೇನ್ರಿ ಕಾಕಾ?

ವೈರಿಂಗ್_ಕಾಕಾ:
ಇನ್ನೊಂದ್ ಸಲ ರಾತ್ರಿ ಚಾರ್ಜರಿಗೆ ಇಟ್ಟು ಮುಂಜಾನಿ ನೋಡು, ಚಾರ್ಜರ್ ತಗದು ನಾಕೈದ್ ತಾಸ್ ಆದ ಮ್ಯಾಲೂ 12.6 ನಿಂತ್ರ ಉಳೀತು. 12.3ಕ್ಕ ಇಳದ್ರ ಒಳಗಿನ ಪ್ಲೇಟ್ ಹೋಗ್ಯಾವ. ಹೊಸಾದು ತರೂ ಪ್ರಸಂಗ ಬಂದ್ರ ಆ್ಯಸಿಡ್ ತುಂಬಿ ಹಂಗ ಗಾಡಿಗೆ ಹಾಕಿ ಕಳಸಾಂವನ ಕಡೆ ತೊಗೋಬ್ಯಾಡ, ಮೊದಲ ಕಾಲ್ ಆಂಪಿಯರಿನ್ಯಾಗ ನಿಧಾನಕ ಚಾರ್ಜ್ ಮಾಡಿಸ್ಕೊ. ನೀರ್ ಕಡಿಮಿ ಆದ್ರ ಡಿಸ್ಟಿಲ್ಡ್ ವಾಟರ್ ಹಾಕು, ನಮ್ಮ ಕಡಿ ಬೋರಿನ ಸವಳ ನೀರ್ ಹಾಕಿ ಬ್ಯಾಟ್ರಿ ಕೊಂದಾವ್ರನ ಭಾಳ ಮಂದಿ ನೋಡೀನಿ.

ಗುಮ್ಮಟದ_ಹುಡುಗ:
ಕಾಕಾ, ನಂದು ರೆಗ್ಯುಲೇಟರ್ ಹಾಕ್ಸಿದ ಮ್ಯಾಲೂ ಹಾರ್ನ್ ಸ್ವಲ್ಪ ಮಂದ ಐತ್ರಿ 😐