ಅಪ್‌ಡೇಟ್: ಹೆಗಡೆ-ಹೆಗ್ಡೆ ಗೊಂದಲದ ನಡುವೆ ಎಂಎಸ್ಸಿ ಸೀಟು ಸಿಕ್ಕಿತು

ದಾಖಲೆಗಳಲ್ಲಿ ಹೆಸರು ಬೇರೆ ಬೇರೆ ಇದ್ದರೆ ಅಡ್ಮಿಷನ್‌ಗೆ ಏನು ಮಾಡಬೇಕು ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ನನ್ನ ಅಡ್ಡಹೆಸರು 'ಹೆಗಡೆ', ಡಿಗ್ರಿ ಕಾರ್ಡಲ್ಲಿ 'ಹೆಗ್ಡೆ'. ಇಂಗ್ಲಿಷಿನಲ್ಲಿ ಒಂದೇ ಒಂದು 'ಎ' ಕಮ್ಮಿ. ಒಂದು ಯೂನಿವರ್ಸಿಟಿಯಿಂದ ಇನ್ನೊಂದಕ್ಕೆ ಹೋಗುವಾಗ ಕೇಳೋ ಮೈಗ್ರೇಷನ್ ಸರ್ಟಿಫಿಕೇಟೂ ಕೈಯಲ್ಲಿರಲಿಲ್ಲ. ಗೋವಾದಲ್ಲಿ ಎಂಎಸ್ಸಿ ಸೀಟು ತಪ್ಪುತ್ತೇನೋ ಅಂತ ನಿದ್ದೆ ಇರಲಿಲ್ಲ.

ಕೆಲಸ ಆಯ್ತು. ಅಫಿಡವಿಟ್ ಮಾಡಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಸಿರ್ಸಿ ಕೋರ್ಟ್ ಹತ್ತಿರ ಸ್ಟಾಂಪ್ ಪೇಪರ್ ಮೇಲೆ 'ಎರಡೂ ಹೆಸರು ನನ್ನದೇ' ಅಂತ ಟೈಪ್ ಮಾಡಿಸಿ, ನೋಟರಿ ಸೀಲ್ ಹಾಕಿಸಿದೆ. ಟೈಪಿಸ್ಟ್ ಅದರಲ್ಲೂ 'ಹೆಗ್ಗಡೆ' ಅಂತ ಹೊಡೆದಿದ್ದ! ಸಹಿ ಹಾಕೋ ಮುಂಚೆ ನೋಡಿದ್ದಕ್ಕೆ ಬಚಾವ್.

ಡಿಜಿಲಾಕರ್ (ಸರ್ಕಾರದ ಆನ್‌ಲೈನ್ ದಾಖಲೆ ಆ್ಯಪ್) ಪ್ರತಿ ಸಾಕು ಅಂತ ಕೆಲವರು ಅಂದಿದ್ದರಲ್ಲ, ಅದು ಉಪಯೋಗಕ್ಕೆ ಬರಲಿಲ್ಲ. ಅಲ್ಲೂ ಅದೇ ಸ್ಪೆಲ್ಲಿಂಗ್ ಅಲ್ವಾ!

ಮೈಗ್ರೇಷನ್‌ಗೆ ಆನ್‌ಲೈನಲ್ಲಿ ಅರ್ಜಿ ಹಾಕಿದ್ದೇನೆ. ಆಮೇಲೆ ಕೊಡ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟೆ, ಗೋವಾದ ಅಡ್ಮಿಷನ್‌ನವರು ಒಪ್ಪಿದರು. ಗಡುವು ಮೀರಿದರೆ ಕಷ್ಟ, ಅದನ್ನೂ ಹೇಳಿಯೇ ಕಳಿಸಿದರು.

ಇಷ್ಟು ದಿನ ಟಿಸಿ, ಮೈಗ್ರೇಷನ್ ಒಂದೇ ಅಂದುಕೊಂಡಿದ್ದೆ. ಟಿಸಿ ಕೊಡೋದು ಕಾಲೇಜು, ಮೈಗ್ರೇಷನ್ ಕೊಡೋದು ಯೂನಿವರ್ಸಿಟಿ. ನನ್ನ ಗೆಳತಿ ಕಾರವಾರದ ಕೋಡಿಬಾಗದಲ್ಲಿ ಮರೈನ್ ಬಯಾಲಜಿಗೆ ಸೇರಿದಳು. ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ ಕೇಂದ್ರ, ಅವಳ ಡಿಗ್ರಿಯೂ ಅಲ್ಲಿಯದೇ. ಹಾಗಾಗಿ ಅವಳಿಗೆ ಮೈಗ್ರೇಷನ್ ಗೋಳೇ ಇಲ್ಲ. ನಾನು ಸುಮ್ನೆ ಅವಳನ್ನೂ ಹೆದರಿಸಿದ್ದೆ.

ಡಿಗ್ರಿ ಕಾರ್ಡಿನ ಹೆಸರು ತಿದ್ದಿಸೋದು ಇನ್ನೂ ಬಾಕಿ. ದೀಪಾವಳಿ ರಜೆಯಲ್ಲಿ ಧಾರವಾಡಕ್ಕೆ ಹೋಗಬೇಕು.