ಭಟ್ರ ಅಂಗಳದಲ್ಲಿ ಆಸಿಯಾನ್ ಶೃಂಗಸಭೆ

"ಮಾಷ್ಟ್ರೆ, ಇಲ್ಲಿ ನೋಡಿ, ಡುರಿಯಾನ್! ಮೊನ್ನೆ ನೆಟ್ಟದ್ದು" ಅಂತ ಭಟ್ರು ಹೋಟ್ಲಿನಲ್ಲಿ ಎಲ್ಲರ ಮೂಗಿಗೆ ಫೋನ್ ಹಿಡಿದ್ರು.

"ರಂಬುಟಾನ್ ಆಯ್ತು, ಮ್ಯಾಂಗೋಸ್ಟೀನ್ ಆಯ್ತು, ಈಗ ಇದೊಂದು ಹೊರದೇಶದ ಹಣ್ಣು" ಅಂದ್ರು ಮಾಷ್ಟ್ರು. "ಅಲ್ಲ ಭಟ್ರೆ, 2009ರ ಗಾಂಧಿ ಜಯಂತಿಗೆ ಆಸಿಯಾನ್, ಅಂದ್ರೆ ಆಗ್ನೇಯ ಏಷ್ಯಾದ ದೇಶಗಳ ಕೂಟದ ಜೊತೆ ಮುಕ್ತ ವ್ಯಾಪಾರದ ಒಪ್ಪಂದ ಬೇಡ ಅಂತ ಕಾಸರಗೋಡಿಂದ ತಿರುವನಂತಪುರಕ್ಕೆ ಮಾನವ ಸರಪಳಿ ಮಾಡಿದ್ರಲ್ಲ, ಆಗ ನೀವೂ ಯಾರದ್ದೋ ಕೈ ಹಿಡ್ಕೊಂಡು ಬಿಸಿಲಲ್ಲಿ ನಿಂತಿದ್ರಿ. ಒಪ್ಪಂದ 2010 ಜನವರಿ ಒಂದಕ್ಕೆ ಜಾರಿ ಆಯ್ತು, ಈಗ ನಿಮ್ಮ ಅಂಗಳದಲ್ಲೇ ಮಲೇಶ್ಯ ಇಂಡೋನೇಶ್ಯ ಕೈ ಕೈ ಹಿಡಿದು ನಿಂತಿದೆ."

"ಡ್ರ್ಯಾಗನ್ ಫ್ರುಟ್ಟೂ ಉಂಟಲ್ಲ, ಅದು ಮಧ್ಯ ಅಮೆರಿಕದ್ದು" ಅಂದ್ರು ಶೆಟ್ರು.

"ಅದು ವೀಕ್ಷಕ ರಾಷ್ಟ್ರ" ಅಂದ್ರು ಮಾಷ್ಟ್ರು.

ಭಟ್ರಿಗೆ ಸಿಟ್ಟು ಬಂತು. "ಅದು ಬೇರೆ, ಇದು ಬೇರೆ. ಪಾಮೆಣ್ಣೆ, ಕರಿಮೆಣಸು ಬಂದು ನಮ್ಮ ರೇಟು ಬೀಳ್ತದೆ ಅಂತ ನಿಂತದ್ದು ನಾನು."

"ಪಾಮೆಣ್ಣೆ ಇಲ್ಲದಿದ್ರೆ ನೀವೀಗ ತಿಂದ ಗೋಳಿಬಜೆ ಈ ರೇಟಿಗೆ ಸಿಗ್ತಿತ್ತಾ?" ಅಂದ್ರು ಅದ್ರಾಮಚ್ಚ. "ಮತ್ತೆ ನಾವು ದುಬೈಗೆ ಹೋದದ್ದು ಎಂತ? ಅದೂ ಎಕ್ಸ್‌ಪೋರ್ಟೇ. ಬಾಗಿಲು ಮುಚ್ಚಿ ಅಂತ ಅವರೂ ಹೇಳ್ತಿದ್ರೆ ನಾನು ಇಲ್ಲೇ ಬೀಡಿ ಸೇದಿಕೊಂಡು ಇರ್ತಿದ್ದೆ."

"ಅಡಿಕೆಗಾದ್ರೂ ಸರಕಾರ ಬೇಲಿ ಹಾಕ್ಲಿಲ್ವಾ, ಕಿಲೋಗೆ 251 ಇದ್ದ ಕನಿಷ್ಠ ಆಮದು ಬೆಲೆ 2023ರಲ್ಲಿ 351 ಆಯ್ತು" ಅಂದ್ರು ಶೆಟ್ರು.

"ಬೇಲಿ ಹಾಕಿದ್ರೆ," ಅಂದ್ರು ಮಾಷ್ಟ್ರು, "ಅಡಿಕೆ ಬರ್ಮಾದ ಕಡೆಯಿಂದ ಬೇಲಿ ಹಾರಿ ಬರ್ತದೆ. ಕರಿಮೆಣಸಿನ ಕತೆ ಇನ್ನೂ ಚಂದ. 1498ರಲ್ಲಿ ವಾಸ್ಕೋಡಗಾಮ ಅದನ್ನೇ ಹುಡುಕಿಕೊಂಡು ಮಲಬಾರಿಗೆ ಬಂದ, ಈಗ ಜಗತ್ತಿಗೆ ಮೆಣಸು ಮಾರುವುದರಲ್ಲಿ ವಿಯೆಟ್ನಾಂ ಮೊದಲು. ಗಾಮ ಇವತ್ತು ಬಂದ್ರೆ ಭಟ್ರು ಅವನಿಗೆ ರಂಬುಟಾನ್ ಜೊತೆ ಸೆಲ್ಫಿ ತೆಗೆಸಿ ಕಳಿಸ್ತಾರೆ."

"ನಗಾಡಿ, ನಗಾಡಿ. ಗೇರು ಕೂಡ ಪೋರ್ಚುಗೀಸರು ಬ್ರೆಜಿಲಿಂದ ತಂದದ್ದೇ ಅಲ್ವಾ? ಈಗ ಅದನ್ನು ಅಜ್ಜ ನೆಟ್ಟದ್ದು ಅಂತೇವೆ. ನಾಳೆ ನನ್ನ ಡುರಿಯಾನ್ ಕೂಡ ಹಾಗೇ."

ಈ ಮಾತಿಗೆ ಮಾಷ್ಟ್ರೂ ತಲೆ ಆಡಿಸಿದ್ರು, ಆದ್ರೆ ಬಿಡುವ ಜನ ಅಲ್ಲ. "ರಂಬುಟಾನಿಗೆ ಬಾವಲಿ ಬಾರದ ಹಾಗೆ ಬಲೆ ಕಟ್ಟಿದ್ದೀರಿ, ಹಿತ್ತಿಲಲ್ಲಿ ಹಲಸು ಬಿದ್ದು ಕೊಳೀತದೆ. 2018ರಲ್ಲಿ ಕೇರಳದ ರಾಜ್ಯ ಫಲ ಅಂತ ಅದಕ್ಕೆ ಪದವಿ ಸಿಕ್ಕಿತು, ತಿನ್ನುವವ ಸಿಕ್ಲಿಲ್ಲ."

"ಹತ್ತುವ ಜನ ಎಲ್ಲಿದ್ದಾರೆ ಮಾಷ್ಟ್ರೆ" ಅಂದ್ರು ಭಟ್ರು, ಸ್ವರ ಸ್ವಲ್ಪ ಇಳಿದಿತ್ತು. "ಮಗ ನಿನ್ನೆ ಲಂಡನ್ನಿಂದ ವಿಡಿಯೋ ಕಾಲ್ ಮಾಡಿದ. ಅಲ್ಲಿ ಅಂಗಡಿಯಲ್ಲಿ ಗುಜ್ಜೆ, ಎಳೆ ಹಲಸಿನ ಟಿನ್ನು ಸಿಕ್ಕಿತಂತೆ, ಥಾಯ್ಲೆಂಡಿದ್ದು. ಪಲ್ಯ ಮಾಡುದು ಹೇಗೆ ಅಂತ ಅಮ್ಮನ ಹತ್ರ ಕೇಳ್ತಿದ್ದ, ಇವಳು ಅರ್ಧ ಗಂಟೆ ಹೇಳಿಕೊಟ್ಟಳು, ಆಮೇಲೆ ಊಟ ಮಾಡ್ಲಿಲ್ಲ."

ಅದ್ರಾಮಚ್ಚ ಚಾದ ಗ್ಲಾಸು ಸುಮ್ಮನೆ ತಿರುಗಿಸಿದ್ರು. ಗಲ್ಫಲ್ಲಿದ್ದ ಜನ, ಅವರಿಗೆ ಗೊತ್ತುಂಟು.

"ಡುರಿಯಾನ್ ಫಲ ಬಿಡ್ಲಿಕ್ಕೆ ಎಷ್ಟು ವರ್ಷ ಭಟ್ರೆ?" ಮೆಲ್ಲ ಕೇಳಿದ್ರು ಮಾಷ್ಟ್ರು.

"ಏಳೆಂಟು ಅಂದ ನರ್ಸರಿಯವ. ಅಷ್ಟರಲ್ಲಿ ಮಗ ಬಂದಾನು."

"ಬರ್ಲಿ ಬರ್ಲಿ. ಹಣ್ಣಾಗುವ ಸೀಸನಿಗೆ ಮಾತ್ರ ಕರೀಬೇಡಿ, ಆ ವಾಸನೆಗೆ ಬಂದ ಫ್ಲೈಟಲ್ಲೇ ವಾಪಸ್ ಹೋದಾನು."